ಮೊದಲ ಮೂರು ದಿನ

ಕುಸ್ಕೊ
೧೪ ಅಕ್ಟೋಬರ್ ೨೦೧೪, ಮಂಗಳವಾರ

ನನ್ನ ಕೊಮಾದ್ರೆ, ನನ್ನ ಗೆಳತಿ ಗ್ರಿಮಾನೆಸಾಗೆ,

ನಿನ್ನ ಜ್ವರ ಬಿಟ್ಟಿತೆಂದು ತಿಳಿದು ಸಮಾಧಾನವಾಯಿತು. ಬಾಯಿಗೆ ರುಚಿ ಬಂದಿದೆಯೇ, ಎರಡು ಹೊತ್ತು ಉಣ್ಣುತ್ತಿದ್ದೀಯೇ? ನೀನು ಬರೆಸಿದ ಮೂರು ಕಾಗದಗಳೂ ನನಗೆ ಸೇರಿವೆ. ಉತ್ತರ ಬರೆಯಲು ಏಳು ವಾರ ಹಿಡಿಯಿತು. ಕೆಲಸವಿತ್ತು ಎಂದು ಬರೆದರೆ ನೀನು ನಂಬುವವಳಲ್ಲ, ಅದಕ್ಕೇ ಬರೆಯುವುದಿಲ್ಲ. ಎರಡು ಸಲ ಫೋನ್ ಮಾಡಿದ್ದೆ. ಎರಡು ಸಲವೂ ನೀನು "ಯಾರು? ಯಾರ್ ಮಾತಾಡೋದು?" ಎಂದು ಕೂಗಿದ್ದು ಕೇಳಿಸಿತು. ಫೋನ್ ಇಟ್ಟುಬಿಟ್ಟೆ. ಯಾರೋ ಕೆಲಸವಿಲ್ಲದವರು ಎಂದು ನೀನು ಬೈದುಕೊಂಡಿರಬೇಕು. ಅದು ನಾನೇ.

ಈ ಕಾಗದವನ್ನು ಓದಿ ಹೇಳುವವಳು ದೆಲ್ಫಿನಾ ಎಂದು ಗೊತ್ತು. ದೆಲ್ಫಿನಾ, ಮಗಳೇ, ಅವಸರ ಮಾಡದೆ ಓದು. ನಿನ್ನ ತಮ್ಮ ತೊರಿಬಿಯೊನನ್ನೂ ಪಕ್ಕದಲ್ಲಿ ಕೂರಿಸಿಕೋ. ದೋಣಿಯ ಕೆಲಸವಿದೆ ಎಂದು ಏಳಲು ನೋಡಿದರೆ ಕಿವಿ ಹಿಡಿದು ಕೂರಿಸು. ಅಮ್ಮನ ಹೆಸರಿಗೆ ಬರೆದಿದ್ದರೂ ಇದು ಅವನು ಕೇಳಲೇಬೇಕಾದ ಕಾಗದ.

ಗ್ರಿಮಾನೆಸಾ, ನಿನ್ನ ಮೊದಲ ಎರಡು ಕಾಗದಗಳಲ್ಲಿ ನೀನು ಕೇಳಿದ್ದು ಒಂದೇ: ನಿಕಾಸಿಯೊ ಹೇಗೆ ಸತ್ತ, ನನ್ನ ಮನೆಯಲ್ಲಿದ್ದ ಒಂದು ದಿನ ಹೇಗಿದ್ದ. ಮೂರನೆಯ ಕಾಗದದಲ್ಲಿ, ಸತ್ತವರ ಹಬ್ಬಕ್ಕೆ ಮೂವರೂ ಬರುತ್ತೇವೆ ಎಂದು ಬರೆಸಿದ್ದೀಯ. ಮಣ್ಣಿಗೆ ಬರಲಾಗದ ತಾಯಿ ಮೊದಲ ಹಬ್ಬಕ್ಕಾದರೂ ಬರಬೇಕು, ಅದನ್ನು ನಾನು ಬೇಡವೆನ್ನುವುದಿಲ್ಲ. ಆದರೆ ಬರುವ ದಾರಿಯನ್ನು ತೊರಿಬಿಯೊ ತೀರ್ಮಾನಿಸಿದ್ದಾನಂತೆ. ಪುಯೆರ್ತೊ ಮಾಲ್ದೊನಾದೊದಲ್ಲಿ ಬಸ್ಸು ಹತ್ತಿ, ಬೆಳಿಗ್ಗೆ ತಿಂಕಿಯಲ್ಲಿ ಇಳಿದು, ಅಲ್ಲಿಂದಲೇ ನಡೆದು ಮಧ್ಯಾಹ್ನದೊಳಗೆ ಬೆಟ್ಟದ ಮೇಲಿನ ನಿಮ್ಮೂರು ಪುಕಾಕಂಚ ಸೇರಿ, ಅಣ್ಣನ ಗೋರಿಗೆ ಶಿಲುಬೆ ನೆಟ್ಟು ಇಳಿದುಬಿಡುವುದು. "ಕುಸ್ಕೊಗೆ ಹೋಗಿ ಮಲಕ್ಕೊಳ್ಳೋಕೆ ನಾವೇನು ಗ್ರಿಂಗೊಗಳಾ?" ಎಂದನಂತೆ. ಅದನ್ನು ಬರೆಸುವಾಗ ನೀನು ನಕ್ಕಿರಲೂಬಹುದು. ನಿನ್ನ ಹಿರಿಯ ಮಗ ಸತ್ತದ್ದು ಆ ಮಾತಿನಿಂದಲೇ.

ಇಲ್ಲಿ ಮೊದಲ ಮಳೆ ಬಿತ್ತು. ಬೆಟ್ಟ ಹತ್ತುವವರ ಕಾಲ ಮುಗಿಯುತ್ತ ಬಂತು. ಮನೆಯಲ್ಲಿ ಈಗ ಉಳಿದಿರುವ ಗೆಸ್ಟ್‌ಗಳು ಇಬ್ಬರೇ, ಗಂಡ ಹೆಂಡತಿ. ಅವರೂ ದಿನವಿಡೀ ಜಗಳವಾಡುತ್ತಾರೆ. ಅಡುಗೆಯ ಬಾಸಿಲಿಯಾ ಚೆನ್ನಾಗಿದ್ದಾಳೆ. ಎರಡು ಹಲ್ಲು ಕೀಳಿಸಿಕೊಂಡ ಮೇಲೆ ಮಾತು ಕಡಿಮೆಯಾದೀತು ಎಂದುಕೊಂಡಿದ್ದೆ, ಆಗಲಿಲ್ಲ. ನನ್ನ ಮಂಡಿ ಹಾಗೇ ಇದೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಇಪ್ಪತ್ತೆರಡು ವರ್ಷದಿಂದ ಪರದೇಶದಿಂದ ಬರುವ ಗ್ರಿಂಗೊಗಳನ್ನು ಮಲಗಿಸುತ್ತ ಬಂದಿದ್ದೇನೆ. ಔಸಂಗಾತೆ ಬೆಟ್ಟ ಸುತ್ತುವವರು ಮೊದಲು ಮೂರು ದಿನ ನನ್ನ ಮನೆಯಲ್ಲಿ ಬಿದ್ದಿರಬೇಕು. ಮೊದಲ ದಿನ ಮಹಡಿ ಮೆಟ್ಟಿಲು ತುಳಿಯುವಂತಿಲ್ಲ, ಕೆಳಗಿನ ಕೋಣೆಯಲ್ಲೇ ಹಾಸಿಗೆ. ಬಿಯರಿಲ್ಲ, ಮಾಂಸವಿಲ್ಲ. ಕೋಕಾ ಎಲೆಯ ಕಷಾಯ, ಕಿನುವಾ ಗಂಜಿ, ನಿದ್ದೆ, ಅಷ್ಟೇ. ಎರಡನೆಯ ದಿನ ಚೌಕದವರೆಗೆ ಮುದುಕರ ನಡಿಗೆ. ಮೂರನೆಯ ದಿನ ಮಹಡಿ. ಈ ವರ್ಷ ಒಬ್ಬ ದಾಂಡಿಗ ಬಂದಿದ್ದ. ನಾನು ದಿನಾ ಹತ್ತು ಮೈಲಿ ಓಡುವವನು ಎಂದು ನನ್ನ ಕಣ್ಣು ತಪ್ಪಿಸಿ ಮೂರು ಮಹಡಿ ಹತ್ತಿ, ಮೇಲಿನ ಹೂಕುಂಡದಲ್ಲಿ ವಾಂತಿ ಮಾಡಿಕೊಂಡು, ಅಮ್ಮಾ ಎಂದು ಅತ್ತ. ಅಂಗಿಯ ಕೊರಳಪಟ್ಟಿ ಹಿಡಿದು ಕೆಳಗಿಳಿಸಿ ಮಲಗಿಸಿದೆ. ಸೊರೋಚೆ, ಈ ಎತ್ತರದ ಕಾಯಿಲೆ, ಹಿಡಿದವರ ತುಟಿ ನೋಡಿದರೆ ಸಾಕು, ಯಾರು ಮಲಗಬೇಕು, ಯಾರು ಡಾಕ್ಟರ ಹತ್ತಿರ ಹೋಗಬೇಕು, ಯಾರು ಸುಮ್ಮನೆ ನರಳುತ್ತಿದ್ದಾರೆ ಎಂದು ಹೇಳಬಲ್ಲೆ.

ಆದರೆ ಅದು ಬಂದವರಿಗೆ. ನಮ್ಮವರಿಗೆ ನಾನು ಹಾಸಿಗೆ ಹಾಸಿದ್ದೇ ಇಲ್ಲ. ಕುದುರೆಯವರು, ಅಡುಗೆಯವರು, ಹೊರುವವರು ಎಲ್ಲರೂ ಅಡುಗೆಮನೆಯ ಬಾಗಿಲಲ್ಲಿ ಕೂತು ಗಂಜಿ ಕುಡಿದು, ಮಲಗಿದವರನ್ನು ನೋಡಿ ನಕ್ಕು ಹೋಗುವವರು. ಸೊರೋಚೆ ಎಂಬುದು ವಿಮಾನದಲ್ಲಿ ಬಂದವರ ಕಾಯಿಲೆ. ಮೋಡಕ್ಕಿಂತ ಮೇಲೆ ಹುಟ್ಟಿದವರಿಗೆ ಅದೆಲ್ಲಿಂದ ಬರಬೇಕು? ನೀನೂ ನಾನೂ ಹಾಗೇ ತಿಳಿದು ಬೆಳೆದವರು.

ನಿಕಾಸಿಯೊ ಆಗಸ್ಟ್ ಹತ್ತೊಂಬತ್ತರ ಬೆಳಿಗ್ಗೆ ಬಂದ. ನೀವು ಬೆಟ್ಟ ಬಿಟ್ಟು ಕಾಡಿನ ನದಿಯ ಕಡೆ ಇಳಿದ ಮೇಲೆ, ಹನ್ನೊಂದು ವರ್ಷವಾಗಿತ್ತು ನಾನು ಅವನನ್ನು ನೋಡಿ. ಅವನ ತಲೆಯ ಮೊದಲ ಕೂದಲು ಕತ್ತರಿಸಿ ಅವನಿಗೆ ಮದ್ರೀನಾ, ಎರಡನೆಯ ತಾಯಿ, ನಿನಗೆ ಕೊಮಾದ್ರೆ ಆದವಳು ನಾನು, ಆದರೂ ಬೀದಿಯ ತಿರುವಿನಲ್ಲಿ ಗೋಡೆಗೆ ಕೈಕೊಟ್ಟು ನಿಂತವನು ಯಾರೆಂದು ತಕ್ಷಣ ತಿಳಿಯಲಿಲ್ಲ. ಬೆನ್ನ ಮೇಲೆ ನೀನು ಕಳಿಸಿದ ಕಾಡುಬಾದಾಮಿಯ ಚೀಲ. ಗಲ್ಲ ನೋಡಿದ ಮೇಲೆ ಗುರುತಾಯಿತು, ಅಪ್ಪನದೇ ಗಲ್ಲ.

"ಏನ್ ಮದ್ರೀನಾ, ನಿನ್ ಬೀದಿ ಯಾವಾಗ ಇಷ್ಟು ಉದ್ದ ಆಯ್ತು?" ಎಂದ.

"ಬೀದಿ ಅಷ್ಟೇ ಇದೆ ಕಣೋ, ನಿನ್ ಹೊಟ್ಟೆ ಉದ್ದ ಆಗಿದೆ. ಅಮ್ಮ ಮೀನು ಜಾಸ್ತಿ ತಿನ್ಸಿದ್ದಾಳೆ," ಎಂದೆ.

ಒಳಗೆ ಬಂದು ಬಾಸಿಲಿಯಾಳನ್ನು ಎತ್ತಿ ತಿರುಗಿಸಿದ. ನದಿಯ ಕೆಲಸ ಸಾಕಾಯಿತು, ಅಪ್ಪನ ಹಾಗೆ ಕುದುರೆ ಹೊಡೆಯುತ್ತೇನೆ, ನನ್ನ ಬೆಟ್ಟ ನನಗೆ ಬೇಕು ಎಂದ. ಮಧ್ಯಾಹ್ನ ಅವನ ದೊಡ್ಡಪ್ಪ ಲಿನೊ ಬಂದ. ಮಾರನೆಯ ದಿನ ಹೊರಡುವ ತಂಡಕ್ಕೆ ಕುದುರೆಯವನೊಬ್ಬ ಕಡಿಮೆಯಿದ್ದ, ಕೈ ಮುರಿದುಕೊಂಡಿದ್ದನಂತೆ. "ನಾಳೆ ಬರ್ತೀಯೇನೋ, ಇಲ್ಲಾ ಕಾಡಲ್ಲಿ ಕಾಲು ಮೆತ್ತಗಾಯ್ತಾ?" ಎಂದ ಲಿನೊ. "ನಿನಗಿಂತ ಮುಂದೆ ಹೋಗ್ತೀನಿ ದೊಡ್ಡಪ್ಪ," ಎಂದ ಇವನು. ಆ ದಿನ ನನ್ನ ಮನೆಯಲ್ಲಿ ಅವನು ಹಾಯಾಗಿದ್ದ, ಗ್ರಿಮಾನೆಸಾ. ಗಂಜಿ ಕುಡಿದ, ನಕ್ಕ, ಬೇಗ ಮಲಗಿದ. ತಲೆನೋವು ಎಂದೂ ಹೇಳಲಿಲ್ಲ, ಉಸಿರು ಎಂದೂ ಹೇಳಲಿಲ್ಲ. ಅವನಾಗಿ ಬಾಯಿ ಬಿಟ್ಟಿದ್ದರೆ ನಾನು ಕಳಿಸುತ್ತಿದ್ದೆನೇ? ಬೆಳಗಿನ ಜಾವ ವ್ಯಾನು ಬಂತು, ಹೋದರು.

ಮುಂದಿನದನ್ನು ನಾನು ಕಂಡಿಲ್ಲ. ಲಿನೊ ಹೇಳಿದ್ದನ್ನೂ, ತಂಡದಲ್ಲಿದ್ದ ಹಾಲೆಂಡಿನ ನರ್ಸಮ್ಮ ಗೈಡ್ ಮೂಲಕ ಹೇಳಿದ್ದನ್ನೂ ಸೇರಿಸಿ ಬರೆಯುತ್ತೇನೆ. ನೀನು ಕೇಳಿದ್ದೀಯ, ಅದಕ್ಕೇ ಒಂದನ್ನೂ ಬಿಡುವುದಿಲ್ಲ. ದೆಲ್ಫಿನಾ, ಅಮ್ಮನಿಗೆ ಒಂದು ಲೋಟ ನೀರು ಕೊಟ್ಟು ಮುಂದೆ ಓದು.

ಮೊದಲ ದಿನವೇ ಕೆಮ್ಮು ಶುರುವಾಯಿತಂತೆ. ಎರಡನೆಯ ದಿನ ಕಣಿವೆಯ ಏರು ಹತ್ತುವಾಗ ಎಲ್ಲರಿಗಿಂತ ಹಿಂದೆ ಬಿದ್ದ. ಗ್ರಿಂಗೊಗಳೆಲ್ಲ ಅವನನ್ನು ದಾಟಿ ಹೋದರು. ಕುದುರೆಯವರು ಮೇಲೆ ನಿಂತು "ಬಂತು ನೋಡ್ರೋ ಕಾಡಿನ ಆಮೆ! ಆಮೆಗೆ ದಾರಿ ಬಿಡ್ರೋ!" ಎಂದು ಕೂಗಿ ನಕ್ಕರು. ಕೂಗಿದವರಲ್ಲಿ ನಾನೂ ಒಬ್ಬ ಎಂದು ಲಿನೊ ನನ್ನೆದುರು ಕೂತು ಹೇಳಿದ. ನಿಕಾಸಿಯೊ ಕುದುರೆಯ ಬಾಲ ಹಿಡಿದುಕೊಂಡು ಹತ್ತಿದನಂತೆ. ಹತ್ತು ಹೆಜ್ಜೆಗೊಮ್ಮೆ ನಿಂತು, ಅಂಗಾಲಿಗೆ ಕಲ್ಲು ಚುಚ್ಚಿದೆ ಎಂದು ಬೂಟು ಬಿಚ್ಚಿ ಕೊಡವುತ್ತಿದ್ದ. ಬೂಟಿನಲ್ಲಿ ಕಲ್ಲಿರಲಿಲ್ಲ.

ಸಂಜೆ ಡೇರೆ ಹಾಕಿದ ಮೇಲೆ ಅವನಿಗೆ ಮಲಗಲಾಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಕುದುರೆಯ ತಡಿಗಳಿಗೆ ಒರಗಿ ಕೂತಿದ್ದ. ನರ್ಸಮ್ಮ ಬಂದು ಅವನ ಬೆನ್ನಿಗೆ ಕಿವಿಯಿಟ್ಟು ಕೇಳಿದಳು. ಎದೆಯೊಳಗೆ ನೀರಿದೆ, ಈಗಲೇ ಕೆಳಗಿಳಿಸಿ, ಒಂದು ಗಳಿಗೆಯೂ ತಡ ಮಾಡಬೇಡಿ ಎಂದು ಕೈ ಮುಗಿದಳು. ಗೈಡ್ ಓಡಿಹೋಗಿ ಗ್ರಿಂಗೊಗಳಿಗೆಂದು ಇಟ್ಟಿದ್ದ ಆಮ್ಲಜನಕದ ಸಿಲಿಂಡರ್ ತಂದ. ನಿಕಾಸಿಯೊ ಅದನ್ನು ಕೈಯಿಂದ ದೂಡಿದ. "ಅದು ಗೆಸ್ಟ್‌ಗಳಿಗೆ ಕಣಯ್ಯ. ನಂಗೇನು ಸೊರೋಚೆನಾ? ಕೆಮ್ಮು ಅಷ್ಟೇ," ಎಂದ. ಸುತ್ತ ನಿಂತವರೆಲ್ಲ ನಕ್ಕರಂತೆ. ತಮಾಷೆ ಮಾಡುವಷ್ಟು ಜೀವವಿದೆಯಲ್ಲ ಎಂಬ ನೆಮ್ಮದಿಯ ನಗು ಅದು ಎಂದು ಲಿನೊ ಹೇಳುತ್ತಾನೆ. ಇರಬಹುದು.

ಗಾಳಿ ಸೋಕಿದೆ ಎಂದು ಲಿನೊ ಅವನ ಎದೆಗೆ ಸಾರಾಯಿ ಸವರಿ, ನಾಗದಾಳಿ ಸೊಪ್ಪು ಉಜ್ಜಿದ. ಹನ್ನೊಂದು ವರ್ಷ ಮುಖ ತೋರಿಸದವನ ಮೇಲೆ ಬೆಟ್ಟಕ್ಕೆ ಮುನಿಸಿರಬೇಕು ಎಂದು ಮೂರು ಕೋಕಾ ಎಲೆ ಜೋಡಿಸಿ ಔಸಂಗಾತೆಯ ಕಡೆ ಊದಿ, ಇವನು ನಮ್ಮವನೇ, ಗುರುತು ಹಿಡಿ ಎಂದು ಬೇಡಿಕೊಂಡ. ನರ್ಸಮ್ಮ ಅಳುತ್ತಿದ್ದಳು. ಗ್ರಿಂಗೊಗಳು ಹೆದರುವುದೇ ಹಾಗೆ ಎಂದುಕೊಂಡರು. ಬೆಳಕಾದ ಮೇಲೆ ಇಳಿಸೋಣ ಎಂದು ತೀರ್ಮಾನವಾಯಿತು. ಅದೇ ಆ ತಂಡದ ಒಬ್ಬ ಗ್ರಿಂಗೊ ಹಾಗೆ ಕೂತಿದ್ದರೆ ಅವನನ್ನು ಆ ಕ್ಷಣವೇ ಹೊತ್ತು ಓಡುತ್ತಿದ್ದರು, ಗ್ರಿಮಾನೆಸಾ. ಅಂಥವರನ್ನು ಹೊತ್ತು ಓಡಿದ್ದು ಲಿನೊಗೆ ನೆನಪಿರುವಂತೆಯೇ ಒಂಬತ್ತು ಸಲ. ಒಂಬತ್ತು ಜನರೂ ಬದುಕಿದ್ದಾರೆ.

ಬೆಳಿಗ್ಗೆ ಅವನ ತುಟಿ ನೀಲಿಯಾಗಿತ್ತು, ಬಾಯಲ್ಲಿ ಕೆಂಪು ನೊರೆ. ಈಗ ಸಿಲಿಂಡರ್ ಮೂಗಿಗೆ ಹಿಡಿದರೆ ದೂಡುವ ಶಕ್ತಿಯಿರಲಿಲ್ಲ. ಕುದುರೆಯ ಮೇಲೆ ಕೂರಿಸಿ, ಬೀಳದಂತೆ ಮುಂದೆ ಕೂತ ಲಿನೊನ ಬೆನ್ನಿಗೆ ಕಟ್ಟಿದರು. ಕೊನೆಯ ಮಾತೇನು ಎಂದು ಕೇಳಿದ್ದೀಯ. "ಕುದುರೆಗೆ ನೀರು ಕುಡಿಸಿದ್ರಾ?" ಎಂದು ಕೇಳಿದನಂತೆ, ಅಷ್ಟೇ. ಬೇರೆ ಏನಾದರೂ ಹೇಳಿದ್ದರೆ ನಿನಗಾಗಿ ಬರೆಯುತ್ತಿದ್ದೆ, ಹೇಳಲಿಲ್ಲ. ಲಿನೊ ಇಳಿಯುತ್ತ ಹಿಂದೆ ತಿರುಗದೆ ಮಾತಾಡುತ್ತಲೇ ಇದ್ದ, ಅಗೋ ನಿಮ್ಮಪ್ಪ ಕಟ್ಟಿದ ದೊಡ್ಡಿ, ಅಗೋ ಕೆರೆ ಎಂದು. ತಲೆ ನನ್ನ ಹೆಗಲ ಮೇಲಿತ್ತು, ನಿದ್ದೆ ಹತ್ತಿದೆ ಎಂದುಕೊಂಡೆ ಎನ್ನುತ್ತಾನೆ. ನಿಲ್ಲಿಸಿ ನೋಡಿದಾಗ ಮೈ ತಣ್ಣಗಾಗಿತ್ತು. ಎಷ್ಟು ಹೊತ್ತು ಸತ್ತವನ ಜೊತೆ ಮಾತಾಡಿದೆ ಎಂದು ಅವನಿಗೆ ತಿಳಿಯದು. ಈಗ ಲಿನೊ ಕುಡಿಯುತ್ತಾನೆ. ಅವನಿಗೆ ಶಾಪ ಹಾಕಬೇಡ, ಅವನಾಗಲೇ ಸಾಕಷ್ಟು ಹಾಕಿಕೊಂಡಿದ್ದಾನೆ.

ಪೊಲೀಸರು ಹೇಳಿದ್ದರಿಂದ ದೇಹವನ್ನು ಕುಸ್ಕೊಗೆ ತಂದರು. ನಿನ್ನ ಬದಲು ಸಹಿ ಹಾಕಿದವಳು ನಾನು. ಡಾಕ್ಟರು ನಮ್ಮ ಕಡೆಯವನೇ, ಕೆಚುವಾದಲ್ಲೇ ಮಾತಾಡಿದ. "ಇವರು ಕೆಳಗಡೆ ಇದ್ರಾ ಅಮ್ಮ?" ಎಂದು ಕೇಳಿದ. ಹನ್ನೊಂದು ವರ್ಷ ಎಂದೆ. "ಎಲ್ಲಿ ಹುಟ್ಟಿದ್ರೂ ಅಷ್ಟೇನಮ್ಮ. ಅಷ್ಟು ವರ್ಷ ಕೆಳಗಿದ್ದು ಬಂದ ಮೇಲೆ ಮೈಗೆ ಈ ಎತ್ತರ ಹೊಸದೇ. ಗ್ರಿಂಗೊಗಳಾದ್ರೆ ಹೆದರಿ ಮೊದಲೇ ಮಲಗ್ತಾರೆ. ನಮ್ಮವರು ಮಲಗಲ್ಲ," ಎಂದ. ಇಷ್ಟು ವರ್ಷ ಈ ಕೆಲಸ ಮಾಡಿದವಳು ಇದನ್ನು ಮೊದಲ ಸಲ ಕೇಳಿದೆ. ಬಾಗಿಲಲ್ಲಿ ಕೂತು ಗಂಜಿ ಕುಡಿದ ಯಾರನ್ನೂ ನಾನು ಒಮ್ಮೆಯೂ ಕೇಳಿರಲಿಲ್ಲ, ನೀನು ಎಲ್ಲಿಂದ ಬಂದೆ ಎಂದು.

ಅವನನ್ನು ಪುಕಾಕಂಚಕ್ಕೆ ಒಯ್ದು ಮಣ್ಣು ಮಾಡಿದೆವು. ಎಂಟನೆಯ ದಿನ ಅವನ ಬಟ್ಟೆಗಳನ್ನು ಹೊಳೆಯಲ್ಲಿ ಒಗೆದೆವು, ಲಿನೊನ ಹೆಂಡತಿ ಮತ್ತು ನಾನು. ತಾಯಿ ಒಗೆಯಬೇಕಾದದ್ದು. ಎರಡು ಅಂಗಿ, ಒಂದು ಪ್ಯಾಂಟು, ನೀನು ಹೆಣೆದ ಟೋಪಿ. ಟೋಪಿ ಹೊಸದಾಗೇ ಇತ್ತು. ಅಂಗಿಗಳಿಂದ ನಿಮ್ಮ ನದಿಯ ಕೆಸರಿನ ವಾಸನೆ ಹೋಗಲೇ ಇಲ್ಲ, ಮೂರು ಸಲ ಸೋಪು ಹಾಕಿದೆವು. ಟೋಪಿಯನ್ನು ನಿನಗೆಂದು ತೆಗೆದಿಟ್ಟಿದ್ದೇನೆ. ಉಳಿದದ್ದನ್ನು ಪದ್ಧತಿಯಂತೆ ಸುಟ್ಟೆವು.

ಈಗ ತೊರಿಬಿಯೊ, ನೀನು ಕೇಳು. ಊರು ಬಿಟ್ಟಾಗ ನಿನಗೆ ಎಂಟು ವರ್ಷ. ನೀನು ಪುಕಾಕಂಚದವನು ಹೌದು, ಯಾರೂ ಇಲ್ಲವೆನ್ನುವುದಿಲ್ಲ. ಆದರೆ ನಿನ್ನ ಎದೆ ಈಗ ನದಿಯವರ ಎದೆ. ನಿನ್ನಮ್ಮನದೂ ಹಾಗೇ, ದೆಲ್ಫಿನಾಳದೂ ಹಾಗೇ. ತಿಂಕಿಯಲ್ಲಿ ಇಳಿಯಬಾರದು. ಬಸ್ಸಿನಲ್ಲೇ ಕೂತು ಕುಸ್ಕೊವರೆಗೆ ಬನ್ನಿ. ಹಬ್ಬ ಭಾನುವಾರ, ನೀವು ಬುಧವಾರ ಬೆಳಿಗ್ಗೆ ಇಲ್ಲಿರಬೇಕು. ಕೆಳಗಿನ ಕೋಣೆಯಲ್ಲಿ ಮೂರು ಹಾಸಿಗೆ ಹಾಕಿಸುತ್ತೇನೆ. ಮೂರು ದಿನ ಮಲಗಿ. ಶನಿವಾರ ಲಿನೊ ಕುದುರೆ ಜೊತೆ ತಿಂಕಿಯಲ್ಲಿ ಕಾಯುತ್ತಾನೆ. ಅಲ್ಲೊಂದು ರಾತ್ರಿ ಕಳೆದು, ಭಾನುವಾರ ಕುದುರೆ ಮೇಲೆ ಕೂತು ಹೋಗಿ, ಶಿಲುಬೆ ನೆಟ್ಟು ಅವತ್ತೇ ಇಳಿಯಿರಿ. ದಾರಿಯಲ್ಲಿ ಯಾರಾದರೂ ಆಮೆ ಎಂದರೆ, ಹೌದು ಆಮೆ, ಏನೀಗ ಎನ್ನು. ಒಣಕೆಮ್ಮು ಬಂದರೆ ಆ ಗಳಿಗೆಯೇ ಇಳಿಯಬೇಕು, ಶಿಲುಬೆ ಎಲ್ಲಿದ್ದರೆ ಅಲ್ಲೇ ಇಟ್ಟು ಇಳಿಯಬೇಕು. ನಿಮ್ಮಣ್ಣ ಕಾಯುತ್ತಾನೆ, ಅವನಿಗೀಗ ಅವಸರವಿಲ್ಲ.

ಗ್ರಿಮಾನೆಸಾ, ನಿನಗೆ ನಾನು ಹೇಳುವ ಸಮಾಧಾನ ಯಾವುದೂ ಇಲ್ಲ. ದೇವರು ನಿನ್ನ ಉಳಿದಿಬ್ಬರನ್ನು ತಣ್ಣಗಿಟ್ಟಿರಲಿ, ಬೆಟ್ಟ ಅವರನ್ನು ಗುರುತು ಹಿಡಿಯಲಿ. ನಿನ್ನ ಮಗ ಹೊತ್ತು ತಂದ ಕಾಡುಬಾದಾಮಿ ಇನ್ನೂ ಚೀಲದಲ್ಲೇ ಇದೆ, ಬಾಸಿಲಿಯಾಗೂ ಒಡೆಯಲು ಮನಸ್ಸು ಬಂದಿಲ್ಲ.

ನಿನ್ನ ಕೊಮಾದ್ರೆ,
ಸತುರ್ನಿನಾ

ಮತ್ತೆ: ದೆಲ್ಫಿನಾ, ಮಡಿಚಬೇಡ. ಇದನ್ನೂ ಓದು, ಗಟ್ಟಿಯಾಗಿ ಓದು.

ನನ್ನ ಮನೆಯಲ್ಲಿ ಅವನು ಹಾಯಾಗಿದ್ದ, ಏನೂ ಹೇಳಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಉಳಿದದ್ದೆಲ್ಲ ನಿಜ. ಅವತ್ತು ಮಧ್ಯಾಹ್ನ ಲಿನೊ ಹೋದ ಮೇಲೆ ನಾನು ಕೆಳಗಿನ ಕೋಣೆಗೆ ಹೋದೆ. ಅವನು ಅಲ್ಲಿ ಒಂದು ಹಾಸಿಗೆಯಲ್ಲಿ ಬೂಟು ಸಮೇತ ಮಲಗಿ ಕುತ್ತಿಗೆಯವರೆಗೆ ಕಂಬಳಿ ಎಳೆದುಕೊಂಡಿದ್ದ. "ಮದ್ರೀನಾ, ತಲೆ ಸಿಡೀತಿದೆ. ಎದೆ ಮೇಲೆ ಯಾರೋ ಕೂತಂಗಿದೆ. ಎರಡು ದಿನ ಇಲ್ಲೇ ಮಲಕ್ಕೊಳ್ಳಾ? ನಾಳೆ ಬರಲ್ಲ ಅಂತ ದೊಡ್ಡಪ್ಪಂಗೆ ನೀನೇ ಹೇಳು. ನಾನ್ ಹೇಳಿದ್ರೆ ನಗ್ತಾರೆ," ಎಂದ. ಅವನ ತುಟಿ ನನಗೆ ಕಾಣುತ್ತಿತ್ತು, ಗ್ರಿಮಾನೆಸಾ. ಅದೇ ಮಾತನ್ನು ವಾರಕ್ಕೆ ಮೂರು ಸಲ ಪರದೇಶದವರ ಬಾಯಲ್ಲಿ ಕೇಳುತ್ತೇನೆ, ಮಲಗು ಕಂದ ಎಂದು ಹಣೆ ಸವರುತ್ತೇನೆ. ಇವನ ಕಂಬಳಿ ಕಿತ್ತೆ. "ಏಳೋ ಗ್ರಿಂಗೊ! ಪುಕಾಕಂಚದಲ್ಲಿ ಹುಟ್ಟಿದೋನಿಗೆ ಸೊರೋಚೆನಾ? ಬಾರೇ ಬಾಸಿಲಿಯಾ, ನಮ್ಮ ಹೊಸ ಗ್ರಿಂಗೊ ನೋಡು ಬಾ!" ಎಂದು ಕೂಗಿದೆ. ಬಾಸಿಲಿಯಾ ಬಂದು ನಕ್ಕಳು. ನಾನೂ ನಕ್ಕೆ. ಅವನೂ ನಗುತ್ತ ಎದ್ದ. ಎದ್ದು ಮಹಡಿ ಹತ್ತಿ, ಗೆಸ್ಟ್‌ಗಳ ಚೀಲಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿದ. ಆ ಕೋಣೆಯ ಹಾಸಿಗೆಗಳಿಗೆ ಅವತ್ತು ಯಾರೂ ಬರುವವರಿರಲಿಲ್ಲ. ಮೂರೂ ಖಾಲಿಯಿದ್ದವು.

ಲಿನೊಗೆ ಇದು ಗೊತ್ತಿಲ್ಲ. ನಿನಗೆ ಗೊತ್ತಾದ ಮೇಲೆ ನನ್ನ ಹೊಸ್ತಿಲು ತುಳಿಯಲು ನಿನಗೆ ಮನಸ್ಸಾಗಲಿಕ್ಕಿಲ್ಲ. ಎದುರುಮನೆಯ ದೋನ್ಯಾ ಉರ್ಸುಲಾಗೆ ಹೇಳಿದ್ದೇನೆ, ನಿಮಗಾಗಿ ಒಂದು ಕೋಣೆ ತೆರವು ಮಾಡಿಟ್ಟಿರುತ್ತಾಳೆ. ನನ್ನ ಮುಖ ನೋಡಬೇಡ, ನನ್ನ ಜೊತೆ ಮಾತಾಡಬೇಡ. ಮೂರು ದಿನ ಅಲ್ಲಾದರೂ ಮಲಗಿ.